ಇಂಗ್ಲೆಂಡಿನ ಜನಕ್ಕೆ ಏನಾಗಿದೆ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ಅಷ್ಟು ಓದಿಕೊಂಡ ದೇಶ. ಪಾರ್ಲಿಮೆಂಟು ಹುಟ್ಟಿದ ಜಾಗ. ಅಲ್ಲಿನ ಜನ ಆ ಫರಾಜ್ ಮಾತಿಗೆ ಹೇಗೆ ಮರುಳಾಗ್ತಾರೆ?"

ನಾಟಿಂಗ್‌ಹ್ಯಾಮ್‌ನಲ್ಲಿ ನೆಲೆಸಿರುವ ನನ್ನನ್ನು ಶಿವಮೊಗ್ಗದ ಚಿಕ್ಕಪ್ಪ, ಬೆಂಗಳೂರಿನ ಗೆಳೆಯರು, ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಹುಡುಗರು ಎಲ್ಲರೂ ಕೇಳುವುದು ಇದನ್ನೇ. ಫರಾಜ್ ಎಂದರೆ ನೈಜೆಲ್ ಫರಾಜ್, ವಲಸೆಯನ್ನು ವಿರೋಧಿಸುವ ರಿಫಾರ್ಮ್ ಯುಕೆ ಪಕ್ಷದ ನಾಯಕ. ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯವಲ್ಲ. ಆದ್ದರಿಂದ ಒಮ್ಮೆ ಕೂತು ಬರೆಯುತ್ತಿದ್ದೇನೆ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. ಜನ ದಡ್ಡರು ಎನ್ನುವುದು ಒಂದು. ಜನ ಜನಾಂಗದ್ವೇಷಿಗಳು ಎನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ನನ್ನ ಬೀದಿಯಲ್ಲೇ ರಿಫಾರ್ಮ್ ಯುಕೆ ಪಕ್ಷಕ್ಕೆ ಮತ ಹಾಕಿದವರಿದ್ದಾರೆ. ನಾವು ಭಾರತಕ್ಕೆ ಹೋದಾಗ ನಮ್ಮ ಮನೆಯ ಕೀಲಿ ಇರುವುದು ಅವರ ಹತ್ತಿರ. ದ್ವೇಷ ಇಲ್ಲವೆಂದು ನಾನು ಹೇಳುತ್ತಿಲ್ಲ. ದ್ವೇಷ ಇದೆ, ಅದು ಬೀದಿಗೂ ಇಳಿದಿದೆ, ಮುಂದೆ ಹೇಳುತ್ತೇನೆ. ಆದರೆ ನಿನ್ನೆ ಮೊನ್ನೆಯವರೆಗೆ ಲೇಬರ್ ಪಕ್ಷಕ್ಕೆ ಕಣ್ಣುಮುಚ್ಚಿ ಮತ ಹಾಕುತ್ತಿದ್ದ ಇಡೀ ಊರುಗಳು ತಿರುಗಿ ನಿಂತದ್ದಕ್ಕೆ ದ್ವೇಷವೊಂದೇ ಕಾರಣ ಎಂದರೆ, ಆ ಊರುಗಳಲ್ಲಿ ನಡೆದದ್ದನ್ನು ಕೇಳಿಸಿಕೊಳ್ಳಲು ನಾವು ತಯಾರಿಲ್ಲ ಎಂದಾಗುತ್ತದೆ.

ನನ್ನ ಉತ್ತರ ಇಷ್ಟು: ಮಾತು ಕೊಟ್ಟು ಮುರಿದವರ ಸಾಲು ಉದ್ದವಾದಾಗ, ಅಧಿಕಾರದಲ್ಲಿ ಕೂತು ಮಾತು ಮುರಿಯುವ ಸಂದರ್ಭವೇ ಬಾರದವನ ಬೆಲೆ ಏರುತ್ತದೆ. ಫರಾಜ್ ಯಾವತ್ತೂ ಮಂತ್ರಿಯಾಗಿಲ್ಲ. ಬಜೆಟ್ ಮಂಡಿಸಿಲ್ಲ, ಆಸ್ಪತ್ರೆ ನಡೆಸಿಲ್ಲ. ಅವರ ದೊಡ್ಡ ಬಂಡವಾಳ ಅದು.

ಮೊದಲು ನಾನು ಮಾತಾಡುತ್ತಿರುವುದು ಯಾವುದರ ಬಗ್ಗೆ ಎಂದು ಹೇಳಿಬಿಡುತ್ತೇನೆ. ಪತ್ರಿಕೆಗಳು ಪಾಪ್ಯುಲಿಸಂ, ಜನಪ್ರಿಯತಾವಾದ ಎಂದೆಲ್ಲ ಬರೆಯುತ್ತವೆ. ಉಚಿತ ಅಕ್ಕಿ, ಉಚಿತ ಬಸ್ಸು ಕೊಡುವುದನ್ನೂ ನಮ್ಮಲ್ಲಿ ಜನಪ್ರಿಯ ರಾಜಕಾರಣ ಎನ್ನುವುದುಂಟು. ಇಲ್ಲಿ ಅದಲ್ಲ ವಿಷಯ. ದೇಶದಲ್ಲಿ 'ನಿಜವಾದ ಜನ' ಎಂಬ ಒಂದು ಗುಂಪಿದೆ, ಅವರನ್ನು ವಂಚಿಸುತ್ತಿರುವ ಮೇಲ್ವರ್ಗವೊಂದಿದೆ, ನಿಜವಾದ ಜನರ ದನಿ ನಾನೊಬ್ಬನೇ ಎಂದು ನಾಯಕನೊಬ್ಬ ಹೇಳಿಕೊಳ್ಳುವ ರಾಜಕಾರಣ ಇದು. 2016ರ ಜೂನ್ 24ರ ಬೆಳಗಿನ ಜಾವ, ಯುರೋಪಿಯನ್ ಒಕ್ಕೂಟದಿಂದ ಹೊರಬರುವ, ಅಂದರೆ ಬ್ರೆಕ್ಸಿಟ್‌ನ, ಜನಮತಗಣನೆಯ ಫಲಿತಾಂಶ ಹೊರಬೀಳುತ್ತಿದ್ದಾಗ ಫರಾಜ್ ಹೇಳಿದ್ದು ಇದನ್ನೇ: ಇದು ನಿಜವಾದ ಜನರ, ಸಾಮಾನ್ಯ ಜನರ, ಸಭ್ಯ ಜನರ ಗೆಲುವು. ಆ ದಿನ ಹೊರಬರೋಣ ಎಂದವರು 1.74 ಕೋಟಿ, ಉಳಿಯೋಣ ಎಂದವರು 1.61 ಕೋಟಿ. ಶೇ 51.9ಕ್ಕೆ ಶೇ 48.1. ಹಾಗಾದರೆ ಆ 1.61 ಕೋಟಿ ಮಂದಿ ಯಾರು? ಸುಳ್ಳು ಜನರೇ? ಒಂದೂ ಗುಂಡು ಹಾರದೆ ಗೆದ್ದೆವು ಎಂದೂ ಅವರು ಅದೇ ಭಾಷಣದಲ್ಲಿ ಹೇಳಿದರು. ಅದಕ್ಕೆ ಎಂಟು ದಿನ ಮೊದಲು, ಜೂನ್ 16ರಂದು, ಲೇಬರ್ ಸಂಸದೆ ಜೋ ಕಾಕ್ಸ್ ಅವರನ್ನು ಯಾರ್ಕ್‌ಷೈರಿನ ಬರ್ಸ್ಟಾಲ್ ಎಂಬ ಊರಿನ ನಡುಬೀದಿಯಲ್ಲಿ ಗುಂಡಿಕ್ಕಿ, ಇರಿದು ಕೊಲ್ಲಲಾಗಿತ್ತು. ಕೊಂದವನು ಬಿಳಿಯರ ಶ್ರೇಷ್ಠತೆಯನ್ನು ನಂಬಿದ್ದವನು. ಆ ಎರಡು ಸಂಗತಿಗಳನ್ನು ಒಟ್ಟಿಗೆ ನೆನೆದಾಗ ನನಗೆ ಈಗಲೂ ಮೈ ಉರಿಯುತ್ತದೆ.

ಈಗ ನನಗೆ ಗೊತ್ತಿರುವ ಸೀಮೆಗೆ ಬರುತ್ತೇನೆ.

ನಾಟಿಂಗ್‌ಹ್ಯಾಮ್‌ನ ಉತ್ತರಕ್ಕೆ ಆ್ಯಶ್‌ಫೀಲ್ಡ್, ಮ್ಯಾನ್ಸ್‌ಫೀಲ್ಡ್, ಗಡಿ ದಾಟಿ ಡರ್ಬಿಷೈರ್‌ನ ಬೋಲ್ಸೋವರ್. ಎಲ್ಲ ಕಲ್ಲಿದ್ದಲಿನ ಊರುಗಳು. 1984-85ರ ದೊಡ್ಡ ಗಣಿ ಮುಷ್ಕರದಲ್ಲಿ ನಾಟಿಂಗ್‌ಹ್ಯಾಮ್‌ಷೈರಿನ ಬಹುಪಾಲು ಕಾರ್ಮಿಕರು ಮುಷ್ಕರಕ್ಕೆ ಹೋಗಲಿಲ್ಲ. ದೇಶದ ಉಳಿದ ಗಣಿ ಕಾರ್ಮಿಕರಿಂದ ಬೈಸಿಕೊಂಡು, ಪೊಲೀಸ್ ಕಾವಲಿನಲ್ಲಿ ದಿನವೂ ಗಣಿಗೆ ಇಳಿದರು, ತಮ್ಮದೇ ಬೇರೆ ಸಂಘ ಕಟ್ಟಿಕೊಂಡರು. ನಮ್ಮ ಗಣಿಗಳು ಲಾಭದಲ್ಲಿವೆ, ನಾವು ಸರ್ಕಾರದ ಕೈಬಿಡಲಿಲ್ಲ, ಸರ್ಕಾರವೂ ನಮ್ಮ ಕೈಬಿಡುವುದಿಲ್ಲ ಎಂಬ ನಂಬಿಕೆ ಅವರದು. 1992ರ ಅಕ್ಟೋಬರ್‌ನಲ್ಲಿ ಕನ್ಸರ್ವೇಟಿವ್ ಸರ್ಕಾರ ಒಂದೇ ಏಟಿಗೆ 31 ಗಣಿ ಮುಚ್ಚುವುದಾಗಿ ಘೋಷಿಸಿತು. ಮುಷ್ಕರ ಮಾಡಿದವರ ಗಣಿಯೂ ಆ ಪಟ್ಟಿಯಲ್ಲಿತ್ತು, ಮಾಡದವರ ಗಣಿಯೂ ಇತ್ತು. ನಾಟಿಂಗ್‌ಹ್ಯಾಮ್‌ಷೈರಿನ ಕೊನೆಯ ಗಣಿ ಥೋರ್ಸ್‌ಬಿ 2015ರ ಜುಲೈನಲ್ಲಿ ಮುಚ್ಚಿತು. ಈ ಊರುಗಳಲ್ಲಿ ಸರ್ಕಾರದ ಮಾತು ಎಂದರೆ ಏನು ಎಂಬುದನ್ನು ತಾತ ಮೊಮ್ಮಗನಿಗೆ ಹೇಳುವುದು ಈ ಕಥೆಯಿಂದ.

ಬೋಲ್ಸೋವರ್ ಪಕ್ಕದ ಶಿರ್‌ಬ್ರೂಕ್ ಎಂಬ ಸಣ್ಣ ಊರನ್ನು ತೆಗೆದುಕೊಳ್ಳಿ. ಅಲ್ಲಿನ ಗಣಿ 1993ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ ಆಮೇಲೆ ಸ್ಪೋರ್ಟ್ಸ್ ಡೈರೆಕ್ಟ್ ಕಂಪನಿಯ ದೈತ್ಯ ಗೋದಾಮು ಬಂತು. ಕೆಲಸ ಬಂತು ಎಂದು ಜನ ಸಂತೋಷಪಟ್ಟಿರಬೇಕು. ಆದರೆ ಎಂಥ ಕೆಲಸ? ಸಾವಿರಾರು ಜನರನ್ನು ತೆಗೆದುಕೊಂಡದ್ದು ಏಜೆನ್ಸಿಗಳ ಮೂಲಕ. ಅವರಲ್ಲಿ ದೊಡ್ಡ ಪಾಲು 2004ರಲ್ಲಿ ಯುರೋಪಿಯನ್ ಒಕ್ಕೂಟ ಸೇರಿದ ಪೋಲೆಂಡ್‌ನಂಥ ದೇಶಗಳಿಂದ ಬಂದವರು. ಶೌಚಾಲಯದಲ್ಲಿ ಹೆಚ್ಚು ಹೊತ್ತು ಇದ್ದರೆ ಒಂದು 'ಸ್ಟ್ರೈಕ್', ಅಂದರೆ ತಪ್ಪಿನ ಗುರುತು, ಹರಟೆ ಹೊಡೆದರೆ ಒಂದು 'ಸ್ಟ್ರೈಕ್', ಆರಾದರೆ ಮನೆಗೆ. ಪಾಳಿ ಮುಗಿದ ಮೇಲೆ ಕಳ್ಳತನದ ತಪಾಸಣೆಗೆ ಸಾಲಾಗಿ ನಿಲ್ಲಬೇಕು, ಆ ಹೊತ್ತಿಗೆ ಸಂಬಳವಿಲ್ಲ. ಹೀಗಾಗಿ ಕೈಗೆ ಬರುವ ಕೂಲಿ ಕಾನೂನಿನ ಕನಿಷ್ಠ ವೇತನಕ್ಕಿಂತ ಕಡಿಮೆಯಾಗುತ್ತಿತ್ತು. ಕಂಪನಿಯ ಒಡೆಯ ಮೈಕ್ ಆ್ಯಶ್ಲಿ ಸಂಸತ್ತಿನ ಸಮಿತಿಯ ಮುಂದೆ ಕೂತು ಇದನ್ನು ಒಪ್ಪಿಕೊಂಡದ್ದು 2016ರ ಜೂನ್ 7ರಂದು. ಸಮಿತಿಯ ಅಧ್ಯಕ್ಷರು ಆ ಗೋದಾಮನ್ನು ವಿಕ್ಟೋರಿಯಾ ಕಾಲದ ಬಡವರ ದುಡಿಮೆಮನೆಗೆ ಹೋಲಿಸಿದರು.

ಅಲ್ಲಿಂದ ಹದಿನಾರು ದಿನಕ್ಕೆ ಜನಮತಗಣನೆ. ಬೋಲ್ಸೋವರ್, ಮ್ಯಾನ್ಸ್‌ಫೀಲ್ಡ್, ಆ್ಯಶ್‌ಫೀಲ್ಡ್ ಮೂರರಲ್ಲೂ ಶೇ 70ರ ಆಸುಪಾಸು ಮತ ಹೊರಬರುವುದಕ್ಕೇ ಬಿತ್ತು.

ಆ ಮತದಲ್ಲಿ ಏನೇನಿತ್ತು ಯೋಚಿಸಿ. ಗಣಿ ಮುಚ್ಚಿದ ಕೋಪ ಇತ್ತು. ಸಂಘವಿಲ್ಲ, ಪಿಂಚಣಿಯಿಲ್ಲ, ನಾಳೆ ಕೆಲಸ ಉಂಟೋ ಇಲ್ಲವೋ ಗೊತ್ತಿಲ್ಲ ಎನ್ನುವ ಅವಮಾನ ಇತ್ತು. ಸಣ್ಣ ಊರಿಗೆ ಕೆಲವೇ ವರ್ಷಗಳಲ್ಲಿ ಸಾವಿರಾರು ಹೊಸಬರು ಬಂದಾಗ ಬಾಡಿಗೆ ಮನೆ, ಶಾಲೆ, ವೈದ್ಯರ ಅಪಾಯಿಂಟ್‌ಮೆಂಟ್ ಎಲ್ಲದಕ್ಕೂ ಬಿದ್ದ ಒತ್ತಡ ಇತ್ತು. ಒತ್ತಡ ನಿಜವೇ. ಆದರೆ ಕೂಲಿ ಕತ್ತರಿಸಿದ್ದು ಪೋಲಿಷ್ ಹುಡುಗಿಯಲ್ಲ. ಅವಳ ಕೂಲಿಯೂ ಕತ್ತರಿಯಾಗುತ್ತಿತ್ತು. ಕಾರ್ಮಿಕ ಕಾನೂನನ್ನು ಸಡಿಲ ಬಿಟ್ಟದ್ದು ಲಂಡನ್ನಿನ ಸರ್ಕಾರ, ತಪಾಸಣೆಗೆ ಅಧಿಕಾರಿಗಳನ್ನು ಕಳಿಸದೆ ಇದ್ದದ್ದೂ ಅದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ನಮ್ಮ ಗಾದೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಜ್ವರ ನಿಜ, ಎಲ್ಲರೂ ಮುಟ್ಟಿ ನೋಡಬಹುದು. ಜ್ವರವೇ ಇಲ್ಲ ಎಂದು ವಾದಿಸಿದ್ದು ಉದಾರವಾದಿಗಳ ದೊಡ್ಡ ತಪ್ಪು. ಎಮ್ಮೆಯನ್ನು ತೋರಿಸಿದ್ದು ಫರಾಜ್ ಕೆಲಸ.

ಆ್ಯಶ್‌ಫೀಲ್ಡ್‌ನ ಈಗಿನ ಸಂಸದ ಲೀ ಆ್ಯಂಡರ್ಸನ್ ಅವರ ದಾರಿ ನೋಡಿದರೆ ಈ ಕಥೆಯೆಲ್ಲ ಒಬ್ಬ ಮನುಷ್ಯನಲ್ಲೇ ಕಾಣುತ್ತದೆ. ಗಣಿ ಕಾರ್ಮಿಕರಾಗಿದ್ದವರು. ಲೇಬರ್ ಪಕ್ಷದ ಕೌನ್ಸಿಲರ್, ಅಲ್ಲಿನ ಲೇಬರ್ ಸಂಸದೆಯ ಕಚೇರಿಯಲ್ಲಿ ಕೆಲಸ. ಆಮೇಲೆ ಪಕ್ಷ ಬದಲಿಸಿ 2019ರಲ್ಲಿ ಕನ್ಸರ್ವೇಟಿವ್ ಸಂಸದ. ಆ ಚುನಾವಣೆಯಲ್ಲಿ ಲೇಬರ್ ಆ್ಯಶ್‌ಫೀಲ್ಡ್‌ನಲ್ಲಿ ಮೂರನೇ ಸ್ಥಾನಕ್ಕೆ ಇಳಿಯಿತು. 2024ರ ಮಾರ್ಚ್‌ನಲ್ಲಿ ರಿಫಾರ್ಮ್ ಸೇರಿದರು, ಜುಲೈನಲ್ಲಿ ಮತ್ತೆ ಗೆದ್ದರು. ಅವರ ಬಹುಪಾಲು ಮಾತುಗಳು ನನಗೆ ಒಪ್ಪಿಗೆಯಿಲ್ಲ, ಕೆಲವು ಅಸಹ್ಯ ತರಿಸುತ್ತವೆ. ಆದರೂ ಪಕ್ಷ ಬದಲಿಸುತ್ತಾ ಹೋದ ಆ ದಾರಿಯಲ್ಲಿ ಅವರು ಒಬ್ಬಂಟಿಯಾಗಿ ನಡೆಯಲಿಲ್ಲ. ಮತದಾರರು ಜೊತೆಗೇ ನಡೆದರು.

ಈ ಊರುಗಳು ತಿರುಗಿ ನಿಂತ ವರ್ಷಗಳಲ್ಲಿ ದೇಶಕ್ಕೆ ಏನಾಯಿತು ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿದೆ. 2008ರ ಬ್ಯಾಂಕ್ ಕುಸಿತದ ನಂತರ ಬೆಲೆಯೇರಿಕೆ ಕಳೆದು ನೋಡಿದರೆ ಸರಾಸರಿ ಸಂಬಳ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತು. 2010ರಲ್ಲಿ ಬಂದ ಡೇವಿಡ್ ಕ್ಯಾಮರೂನ್ ಸರ್ಕಾರ ಮಿತವ್ಯಯ ಎಂದು ಖರ್ಚು ಕಡಿತ ಶುರು ಮಾಡಿತು. ಸ್ಥಳೀಯ ಕೌನ್ಸಿಲ್‌ಗಳಿಗೆ ಲಂಡನ್ನಿನಿಂದ ಬರುವ ಹಣ ಎಂಟೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಇಲ್ಲಿನ ಕೌನ್ಸಿಲ್ ಎಂದರೆ ನಮ್ಮ ನಗರಪಾಲಿಕೆಯಷ್ಟೇ ಅಲ್ಲ. ವಯಸ್ಸಾದವರ ಆರೈಕೆ, ಅನಾಥ ಮಕ್ಕಳು, ಗ್ರಂಥಾಲಯ, ಯುವಕರ ಕ್ಲಬ್ಬು ಎಲ್ಲವೂ ಅದರ ಹೆಗಲ ಮೇಲೆ. ಆರೈಕೆಯನ್ನು ನಿಲ್ಲಿಸುವಂತಿಲ್ಲ, ಕಾನೂನಿನ ಕಟ್ಟು. ಹಾಗಾಗಿ ಕತ್ತರಿ ಬೀಳುವುದು ಗ್ರಂಥಾಲಯಕ್ಕೆ, ಬಸ್ಸಿಗೆ, ಆಟದ ಮೈದಾನಕ್ಕೆ. ನಮ್ಮ ನಾಟಿಂಗ್‌ಹ್ಯಾಮ್ ನಗರ ಕೌನ್ಸಿಲ್ 2023ರ ನವೆಂಬರ್‌ನಲ್ಲಿ ಆಯವ್ಯಯ ಸರಿದೂಗಿಸಲು ಸಾಧ್ಯವಿಲ್ಲ ಎಂದು ಘೋಷಿಸಿತು. ಇದರಲ್ಲಿ ಕೌನ್ಸಿಲ್‌ನ ಸ್ವಂತ ತಪ್ಪೂ ಇತ್ತು. ಅದು ನಡೆಸಿದ ವಿದ್ಯುತ್ ಕಂಪನಿ ಮುಳುಗಿ ಕೋಟಿಗಟ್ಟಲೆ ಪೌಂಡ್ ಹೋಗಿತ್ತು. ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಚಿಕಿತ್ಸೆಗೆ ಕಾಯುವವರ ಪಟ್ಟಿ 2010ರಲ್ಲಿ 25 ಲಕ್ಷದಷ್ಟಿದ್ದದ್ದು 2023ರಲ್ಲಿ 77 ಲಕ್ಷ ತಲುಪಿತು. ಹೈಸ್ಪೀಡ್ ರೈಲು ಬರುತ್ತದೆ, ನಮ್ಮ ಪಕ್ಕದ ಟೋಟನ್‌ನಲ್ಲಿ ದೊಡ್ಡ ನಿಲ್ದಾಣ ಆಗುತ್ತದೆ ಎಂದು ವರ್ಷಗಟ್ಟಲೆ ಹೇಳಿದರು. 2021ರ ನವೆಂಬರ್‌ನಲ್ಲಿ ಅದು ಇಲ್ಲ ಎಂದರು. ಎರಡು ವರ್ಷದ ಮೇಲೆ ಮ್ಯಾಂಚೆಸ್ಟರಿಗೂ ಇಲ್ಲ ಎಂದರು.

ಇದರ ಮೇಲೆ ನಡತೆಯ ಪ್ರಶ್ನೆ. ಕೋವಿಡ್ ಕಾಲದಲ್ಲಿ ಜನ ತಂದೆತಾಯಿಯ ಅಂತ್ಯಸಂಸ್ಕಾರಕ್ಕೂ ನಾಲ್ಕು ಜನ ಸೇರಲಾಗದೆ ಒದ್ದಾಡುತ್ತಿದ್ದಾಗ ಪ್ರಧಾನಿ ನಿವಾಸದಲ್ಲಿ ಪಾರ್ಟಿಗಳು ನಡೆದವು, ಬೋರಿಸ್ ಜಾನ್ಸನ್ ಪೊಲೀಸ್ ದಂಡ ಕಟ್ಟಿದರು. ಲಿಜ್ ಟ್ರಸ್ 2022ರ ಸೆಪ್ಟೆಂಬರ್‌ನಲ್ಲಿ 4,500 ಕೋಟಿ ಪೌಂಡಿನ ತೆರಿಗೆ ಕಡಿತ ಘೋಷಿಸಿ, ಅದಕ್ಕೆ ಹಣ ಎಲ್ಲಿಂದ ಎಂದು ಹೇಳದೆ, ಗೃಹಸಾಲದ ಬಡ್ಡಿಯನ್ನು ಆಕಾಶಕ್ಕೇರಿಸಿ, ಏಳು ವಾರಕ್ಕೇ ಹೋದರು. ಅಂಚೆ ಕಚೇರಿಯ ಕಂಪ್ಯೂಟರ್ ವ್ಯವಸ್ಥೆಯ ದೋಷಕ್ಕೆ 900ಕ್ಕೂ ಹೆಚ್ಚು ಪೋಸ್ಟ್‌ಮಾಸ್ಟರ್‌ಗಳು ಕಳ್ಳತನ, ಲೆಕ್ಕ ತಿದ್ದಿದ ಆರೋಪದಲ್ಲಿ ಶಿಕ್ಷೆಗೊಳಗಾಗಿದ್ದರು. ಅವರಲ್ಲಿ ಅಂಗಡಿ ಇಟ್ಟುಕೊಂಡಿದ್ದ ನಮ್ಮ ಭಾರತೀಯರೂ ಬಹಳ. ಮೇಲಿನವರು ತಮ್ಮವರನ್ನು ಕಾಪಾಡಿಕೊಳ್ಳುತ್ತಾರೆ ಎಂಬ ಮಾತು ಇಷ್ಟೆಲ್ಲ ಆದ ಮೇಲೆ ಜನರಿಗೆ ಭ್ರಮೆಯಂತೆ ಕಾಣುವುದಿಲ್ಲ. ಫರಾಜ್ ಸ್ವತಃ ದುಬಾರಿ ಖಾಸಗಿ ಶಾಲೆಯಲ್ಲಿ ಓದಿ ಲಂಡನ್ ಮಾರುಕಟ್ಟೆಯಲ್ಲಿ ಸರಕು ವ್ಯಾಪಾರ ಮಾಡಿದವರು, ಮೇಲ್ವರ್ಗದವರೇ. ಅದು ಅವರ ಮತದಾರರಿಗೂ ಗೊತ್ತು. ಅವರನ್ನು ತಮ್ಮಲ್ಲೊಬ್ಬ ಎಂದು ಯಾರೂ ಭಾವಿಸಿಲ್ಲ, ಮೇಲಿನವರಿಗೆ ಚುರುಕು ಮುಟ್ಟಿಸುತ್ತಾರೆ ಎಂದಷ್ಟೇ ಭಾವಿಸಿದ್ದಾರೆ.

ಬ್ರೆಕ್ಸಿಟ್ ಕೂಡ ಈಡೇರದ ಮಾತೇ ಆಯಿತಲ್ಲ, ಆದರೂ ಜನ ಅದನ್ನು ತಂದವನನ್ನೇ ಯಾಕೆ ನಂಬುತ್ತಾರೆ ಎಂದು ಇಲ್ಲಿ ಕೆಲವರು ತಡೆದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಬ್ರೆಕ್ಸಿಟ್ ಪ್ರಚಾರದ ಕೆಂಪು ಬಸ್ಸಿನ ಮೇಲೆ ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಕಳಿಸುತ್ತಿದ್ದೇವೆ, ಅದನ್ನು ಎನ್‌ಎಚ್‌ಎಸ್‌ಗೆ ಕೊಡೋಣ ಎಂದಿತ್ತು. ಲೆಕ್ಕವೇ ತಪ್ಪು. ವಲಸೆ ಹತೋಟಿಗೆ ಬರುತ್ತದೆ ಎಂದಿದ್ದರು. ಆದದ್ದು ತಿರುಗುಮುರುಗು. 2021ರ ಜನವರಿಯಿಂದ ಯುರೋಪಿನವರ ಮುಕ್ತ ಸಂಚಾರ ನಿಂತಿತು, ಆದರೆ ಕೇರ್ ಹೋಮ್‌ಗಳಲ್ಲಿ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ಬೇಕಿತ್ತು, ವಿಶ್ವವಿದ್ಯಾಲಯಗಳಿಗೆ ಶುಲ್ಕ ಕಟ್ಟುವ ವಿದ್ಯಾರ್ಥಿಗಳು ಬೇಕಿತ್ತು. ಬೋರಿಸ್ ಜಾನ್ಸನ್ ಸರ್ಕಾರ ವೀಸಾ ಬಾಗಿಲು ಅಗಲ ತೆರೆಯಿತು. ಭಾರತ, ನೈಜೀರಿಯಾ ಮೊದಲ ಸಾಲಿಗೆ ಬಂದವು. ಬಂದವರಲ್ಲಿ ಹೋದವರನ್ನು ಕಳೆದರೆ ಉಳಿಯುವ ಸಂಖ್ಯೆ 2023ರ ಮಧ್ಯದ ಹೊತ್ತಿಗೆ ವರ್ಷಕ್ಕೆ 9 ಲಕ್ಷ ದಾಟಿತು. ಬ್ರೆಕ್ಸಿಟ್‌ಗಿಂತ ಮೊದಲು ಇದರ ಅರ್ಧವೂ ಇರಲಿಲ್ಲ. ಮಂಗಳೂರಿನ ನರ್ಸು, ದಾವಣಗೆರೆಯಿಂದ ಎಂಎಸ್ಸಿಗೆ ಬಂದ ಹುಡುಗ, ಬೆಂಗಳೂರಿನ ಸಾಫ್ಟ್‌ವೇರ್ ದಂಪತಿ, ಇಂಥ ಎಷ್ಟೋ ಕನ್ನಡದವರು ಇಲ್ಲಿಗೆ ಬಂದದ್ದು ಈ ಅಲೆಯಲ್ಲಿ. ಫರಾಜ್ ಇದನ್ನೆಲ್ಲ ಬ್ರೆಕ್ಸಿಟ್‌ನ ಸೋಲು ಎನ್ನುವುದಿಲ್ಲ. ಕನ್ಸರ್ವೇಟಿವ್‌ಗಳು ಬ್ರೆಕ್ಸಿಟ್‌ಗೆ ಮಾಡಿದ ದ್ರೋಹ ಎನ್ನುತ್ತಾರೆ. ಈ ರಾಜಕಾರಣದ ಯಂತ್ರ ನಡೆಯುವುದೇ ಹೀಗೆ. ಯೋಜನೆ ಸೋತರೆ ಅದು ಯೋಜನೆಯ ತಪ್ಪಲ್ಲ, ಯಾರೋ ಮಾಡಿದ ಮೋಸ. ಸೋಲು ಕೂಡ ಮುಂದಿನ ಚುನಾವಣೆಗೆ ಇಂಧನವಾಗುತ್ತದೆ.

ಗಮನಿಸಬೇಕಾದ ಇನ್ನೊಂದು ಸಂಗತಿ: 2025ರ ಮಧ್ಯದ ಹೊತ್ತಿಗೆ ಹೀಗೆ ಬಂದು ಉಳಿಯುವವರ ಸಂಖ್ಯೆ ವರ್ಷಕ್ಕೆ ಸುಮಾರು 2 ಲಕ್ಷಕ್ಕೆ ಇಳಿಯಿತು. ಕೋಪ ಇಳಿಯಲಿಲ್ಲ. ಫ್ರಾನ್ಸ್ ಕಡೆಯಿಂದ ಇಂಗ್ಲಿಷ್ ಕಡಲ್ಗಾಲುವೆ ದಾಟಿ ರಬ್ಬರ್ ದೋಣಿಗಳಲ್ಲಿ ಬರುವವರ ಚಿತ್ರ ಪ್ರತಿದಿನ ಫೋನಿನಲ್ಲಿ ಕಾಣುತ್ತದೆ. ಆಶ್ರಯ ಕೋರಿ ಬಂದವರನ್ನು ಸರ್ಕಾರ ವರ್ಷಗಟ್ಟಲೆ ಹೋಟೆಲ್‌ಗಳಲ್ಲಿ ಇಟ್ಟಿದೆ, ಅದೂ ಬಹಳ ಕಡೆ ಬಡ ಊರುಗಳ ಹೋಟೆಲ್‌ಗಳಲ್ಲಿ. ಅವರ ಅರ್ಜಿಗಳನ್ನು ಬೇಗ ತೀರ್ಮಾನಿಸುವ ಕೆಲಸ ಬಿಟ್ಟು ಹಿಂದಿನ ಸರ್ಕಾರ ರುವಾಂಡಾಕ್ಕೆ ಕಳಿಸುತ್ತೇವೆ ಎಂದು ಎರಡು ವರ್ಷ ಕಳೆಯಿತು. 70 ಕೋಟಿ ಪೌಂಡ್ ಖರ್ಚಾಯಿತು, ತಾವಾಗಿ ಹೋದವರು ನಾಲ್ಕು ಜನ.

ದ್ವೇಷ ಬೀದಿಗೆ ಇಳಿಯಿತು ಎಂದೆನಲ್ಲ. 2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ನೃತ್ಯ ತರಗತಿಗೆ ಹೋಗಿದ್ದ ಮೂರು ಪುಟ್ಟ ಹೆಣ್ಣುಮಕ್ಕಳನ್ನು ಹದಿಹರೆಯದವನೊಬ್ಬ ಇರಿದು ಕೊಂದ. ಕೊಲೆಗಾರ ದೋಣಿಯಲ್ಲಿ ಬಂದ ವಲಸಿಗ ಎಂಬ ಸುಳ್ಳು ಗಂಟೆಗಳಲ್ಲೇ ಹರಡಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಅಷ್ಟರಲ್ಲಿ ಸೌತ್‌ಪೋರ್ಟ್ ಮಸೀದಿಯ ಮೇಲೆ ದಾಳಿಯಾಗಿತ್ತು. ಕೆಲವೇ ದಿನಗಳಲ್ಲಿ ಹಲ್, ಸಂಡರ್‌ಲ್ಯಾಂಡ್, ಮಿಡಲ್ಸ್‌ಬ್ರೋಗಳಲ್ಲಿ ಗಲಭೆ. ರಾದರ್‌ಹ್ಯಾಮ್ ಬಳಿ ಒಳಗೆ ಜನರಿರುವ ಹೋಟೆಲ್‌ಗೆ ಬೆಂಕಿ ಇಡಲು ಹೋದರು. ಆ ವಾರ ನಾವು ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂಜೆಯ ಮೇಲೆ ಒಬ್ಬರೇ ಹೊರಗೆ ಹೋಗಬೇಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಕೇರ್ ಹೋಮ್‌ನಲ್ಲಿ ರಾತ್ರಿ ಪಾಳಿ ಮಾಡುವ ಹೆಣ್ಣುಮಕ್ಕಳಿಗೆ ಕಾರಿನಲ್ಲಿ ಬಿಟ್ಟುಬರುವ ಏರ್ಪಾಟಾಯಿತು. ಅವರು ಹೋಗುತ್ತಿದ್ದದ್ದು ಇಲ್ಲಿನವರ ಅಪ್ಪ ಅಮ್ಮಂದಿರಿಗೆ ಊಟ ಮಾಡಿಸಲು.

ಜನರ ನಂಬಿಕೆ ಮರಳಿ ಗಳಿಸುವ ಅವಕಾಶ 2024ರ ಜುಲೈನಲ್ಲಿ ಗೆದ್ದ ಲೇಬರ್‌ಗೆ ಇತ್ತು. ಬಂದ ತಿಂಗಳಲ್ಲೇ ಸುಮಾರು 1 ಕೋಟಿ ವೃದ್ಧರ ಚಳಿಗಾಲದ ಇಂಧನ ಭತ್ಯೆಯನ್ನು ಕಿತ್ತುಕೊಂಡಿತು. ಅದೇ ಸರ್ಕಾರ ಅಕ್ಟೋಬರ್ ಬಜೆಟ್ಟಿನಲ್ಲಿ ನಿವೃತ್ತ ಗಣಿ ಕಾರ್ಮಿಕರ ಪಿಂಚಣಿ ನಿಧಿಯಿಂದ ಹಿಂದಿನ ಸರ್ಕಾರಗಳು ಇಟ್ಟುಕೊಂಡಿದ್ದ 150 ಕೋಟಿ ಪೌಂಡನ್ನು ಹಿಂದಿರುಗಿಸಿತು. 1 ಲಕ್ಷ 12 ಸಾವಿರ ಜನರ ಪಿಂಚಣಿ ಶೇ 32ರಷ್ಟು ಏರಿತು. ಆ್ಯಶ್‌ಫೀಲ್ಡ್, ಮ್ಯಾನ್ಸ್‌ಫೀಲ್ಡ್‌ನಂಥ ಊರುಗಳಿಗೆ ಇದು ನಿಜವಾದ ನ್ಯಾಯ. ಆದರೆ ಮನೆಮನೆಯಲ್ಲಿ ಮಾತಾದದ್ದು ಇಂಧನ ಭತ್ಯೆಯೇ. ಒಂದು ವರ್ಷ ಬೈಸಿಕೊಂಡ ಮೇಲೆ ಬಹುಪಾಲು ವಾಪಸ್ ಕೊಟ್ಟರು, ಹೋದ ಮಾತು ವಾಪಸ್ ಬರಲಿಲ್ಲ.

ನನಗೆ ಇದಕ್ಕಿಂತ ಬೇಸರವಾದದ್ದು ಮಾತಿನ ಅನುಕರಣೆ. 2025ರ ಮೇ 1ರ ಸ್ಥಳೀಯ ಚುನಾವಣೆಯಲ್ಲಿ ರಿಫಾರ್ಮ್ 677 ಸ್ಥಾನ ಗೆದ್ದು, ನಮ್ಮ ನಾಟಿಂಗ್‌ಹ್ಯಾಮ್‌ಷೈರ್ ಮತ್ತು ಪಕ್ಕದ ಡರ್ಬಿಷೈರ್ ಸೇರಿ ಹತ್ತು ಕೌನ್ಸಿಲ್‌ಗಳನ್ನು ಹಿಡಿಯಿತು. ಅದಾಗಿ ಹನ್ನೆರಡನೇ ತಾರೀಖು ಪ್ರಧಾನಿ ಕೀರ್ ಸ್ಟಾರ್ಮರ್ ವಲಸೆಯ ಬಗ್ಗೆ ಮಾತಾಡುತ್ತಾ, ನಾವು ಅಪರಿಚಿತರ ದ್ವೀಪವಾಗುವ ಅಪಾಯವಿದೆ ಎಂದರು. ಆಮೇಲೆ ಆ ಪದ ಬಳಸಿದ್ದಕ್ಕೆ ವಿಷಾದಿಸಿದರು. ಸೆಪ್ಟೆಂಬರ್‌ನಲ್ಲಿ ಫರಾಜ್ ಪಕ್ಷ ಇನ್ನೂ ಮುಂದೆ ಹೋಗಿ ಕಾಯಂ ವಾಸದ ಹಕ್ಕನ್ನೇ, ಅಂದರೆ ಐಎಲ್‌ಆರ್ ಅನ್ನೇ, ರದ್ದು ಮಾಡುತ್ತೇವೆ ಎಂದಿತು. ಈಗಾಗಲೇ ಪಡೆದವರೂ ಐದೈದು ವರ್ಷಕ್ಕೆ ಮತ್ತೆ ಅರ್ಜಿ ಹಾಕಬೇಕು. ಸ್ಟಾರ್ಮರ್ ಅದನ್ನು ಜನಾಂಗೀಯ ನೀತಿ ಎಂದು ಸರಿಯಾಗಿಯೇ ಟೀಕಿಸಿದರು. ನವೆಂಬರ್‌ನಲ್ಲಿ ಅವರದೇ ಸರ್ಕಾರ ಕಾಯಂ ವಾಸಕ್ಕೆ ಐದು ವರ್ಷದ ಬದಲು ಹತ್ತು ವರ್ಷ, ಕೇರ್ ಹೋಮ್ ಕೆಲಸದವರಿಗೆ ಹದಿನೈದು ವರ್ಷ ಎಂಬ ಪ್ರಸ್ತಾವ ಮುಂದಿಟ್ಟಿತು. ಹೀಗೆ ಮಾಡಿದರೆ ಫರಾಜ್‌ನ ಮತ ತಿರುಗಿ ಬರುತ್ತದೆ ಎಂಬ ಲೆಕ್ಕ. ಬರಲಿಲ್ಲ. ಆ ಮೇ ತಿಂಗಳಿಂದ 2025ರ ಕೊನೆಯವರೆಗೂ ಸಮೀಕ್ಷೆಗಳಲ್ಲಿ ರಿಫಾರ್ಮ್ ಮುಂದೆಯೇ ಇತ್ತು. ಸಮಸ್ಯೆ ವಲಸಿಗರೇ ಎಂದು ಸರ್ಕಾರವೇ ಒಪ್ಪಿಕೊಂಡ ಮೇಲೆ, ಅದನ್ನು ಮೊದಲಿನಿಂದ ಹೇಳುತ್ತಿದ್ದವನನ್ನು ಬಿಟ್ಟು ತಡವಾಗಿ ಹೇಳಿದವನಿಗೆ ಮತ ಯಾಕೆ ಹಾಕಬೇಕು?

ಅಧಿಕಾರ ಸಿಕ್ಕಿದಾಗ ಈ ರಾಜಕಾರಣ ಹೇಗಿರುತ್ತದೆ ಎಂಬುದರ ಸಣ್ಣ ರುಚಿ ನಮಗೆ ಸಿಕ್ಕಿದೆ. ನಾಟಿಂಗ್‌ಹ್ಯಾಮ್‌ಷೈರ್ ಕೌಂಟಿ ಕೌನ್ಸಿಲ್‌ನ ರಿಫಾರ್ಮ್ ನಾಯಕ 2025ರ ಆಗಸ್ಟ್‌ನಲ್ಲಿ, ತಮಗೆ ಹಿಡಿಸದ ವರದಿಯ ಬೆನ್ನಿಗೆ, ಸ್ಥಳೀಯ ಪತ್ರಿಕೆಯಾದ ನಾಟಿಂಗ್‌ಹ್ಯಾಮ್ ಪೋಸ್ಟ್ ಜೊತೆ ತಮ್ಮ ಕೌನ್ಸಿಲರ್‌ಗಳು ಮಾತಾಡಬಾರದು ಎಂದು ನಿಷೇಧ ಹಾಕಿದರು. ಕಾನೂನು ಕ್ರಮದ ಎಚ್ಚರಿಕೆ ಬಂದ ಮೇಲೆ ಹಿಂತೆಗೆದುಕೊಂಡರು. ಕೆಂಟ್ ಕೌಂಟಿಯಲ್ಲಿ ದುಂದುವೆಚ್ಚ ಹುಡುಕಿ ತೆರಿಗೆ ಉಳಿಸುತ್ತೇವೆ ಎಂದು ಬಂದವರಿಗೆ, ಹಣದ ದೊಡ್ಡ ಪಾಲು ವೃದ್ಧರ ಮತ್ತು ಮಕ್ಕಳ ಆರೈಕೆಗೇ ಹೋಗುತ್ತಿದೆ, ಅಲ್ಲಿ ಕೊಬ್ಬು ಉಳಿದೇ ಇಲ್ಲ ಎಂದು ಬೇಗ ಅರಿವಾಯಿತು.

ಇದು ಬ್ರಿಟನ್ನಿನದೊಂದೇ ರೋಗ ಎಂದು ಭಾವಿಸಬೇಡಿ, ಆದರೆ ಎಲ್ಲೆಡೆ ಒಂದೇ ರೂಪದಲ್ಲೂ ಇಲ್ಲ. ಹಂಗೇರಿಯಲ್ಲಿ ವಿಕ್ಟರ್ ಒರ್ಬಾನ್ 2010ರಲ್ಲಿ ಮೂರನೇ ಎರಡರಷ್ಟು ಬಹುಮತ ಪಡೆದು ಸಂವಿಧಾನವನ್ನೇ ಹೊಸದಾಗಿ ಬರೆಸಿದರು. ಅಮೆರಿಕದಲ್ಲಿ ಸೋತ ಚುನಾವಣೆಯನ್ನು ಒಪ್ಪದ ಟ್ರಂಪ್ ಬೆಂಬಲಿಗರು 2021ರ ಜನವರಿ 6ರಂದು ಸಂಸತ್ ಭವನಕ್ಕೆ ನುಗ್ಗಿದರು, ನಾಲ್ಕು ವರ್ಷದ ಮೇಲೆ ಅದೇ ಟ್ರಂಪ್ ಮತ್ತೆ ಅಧ್ಯಕ್ಷರಾದರು. ಪೋಲೆಂಡಿನ ಕಥೆ ನನಗೆ ಹೆಚ್ಚು ಕಲಿಸಿದೆ. ಅಲ್ಲಿ 2015ರಲ್ಲಿ ಬಂದ ಕಾನೂನು ಮತ್ತು ನ್ಯಾಯ ಪಕ್ಷ ನ್ಯಾಯಾಲಯಗಳನ್ನು ಕೈವಶ ಮಾಡಿಕೊಂಡಿತು, ನಿಜ. ಜೊತೆಗೆ ಮಕ್ಕಳಿರುವ ಮನೆಗಳಿಗೆ ತಿಂಗಳಿಗೆ 500 ಜ್ಲೋಟಿ ಕೊಟ್ಟಿತು. ಉದಾರವಾದಿಗಳು ಸಾಧ್ಯವಿಲ್ಲ ಎನ್ನುತ್ತಿದ್ದದ್ದನ್ನು ಮಾಡಿ ತೋರಿಸಿತು. 2023ರಲ್ಲಿ ಶೇ 74ರಷ್ಟು ಜನ ಮತಗಟ್ಟೆಗೆ ಬಂದು ಆ ಸರ್ಕಾರವನ್ನು ಇಳಿಸಿದರು. ಡೊನಾಲ್ಡ್ ಟುಸ್ಕ್ ಬಂದರು. ಎರಡು ವರ್ಷಕ್ಕೆ, 2025ರ ಜೂನ್‌ನಲ್ಲಿ, ಆ ಪಕ್ಷದ ಬೆಂಬಲಿತ ಅಭ್ಯರ್ಥಿ ಶೇ 50.89 ಮತ ಪಡೆದು ರಾಷ್ಟ್ರಾಧ್ಯಕ್ಷರಾದರು.

ಸೋಲಿಸಲು ಸಾಧ್ಯವೇ ಇಲ್ಲವೇ ಎಂದರೆ, ಕೇರ್‌ಫಿಲಿ ನೋಡಿ ಎನ್ನುತ್ತೇನೆ. ವೇಲ್ಸ್‌ನ ಹಳೆಯ ಗಣಿ ಸೀಮೆ, ನೂರು ವರ್ಷ ಲೇಬರ್ ಕೋಟೆ. 2025ರ ಅಕ್ಟೋಬರ್ 23ರ ವೇಲ್ಸ್ ಶಾಸನಸಭೆಯ ಉಪಚುನಾವಣೆಯಲ್ಲಿ ರಿಫಾರ್ಮ್ ಗೆಲ್ಲುತ್ತದೆ ಎಂದೇ ಬಹಳ ಜನ ನಂಬಿದ್ದರು. ಗೆದ್ದದ್ದು ವೇಲ್ಸ್‌ನ ಪ್ರಾದೇಶಿಕ ಪಕ್ಷವಾದ ಪ್ಲೈಡ್ ಕಮ್ರಿಯ ಲಿಂಡ್ಸೆ ವಿಟ್ಲ್, ಶೇ 47 ಮತ ಪಡೆದು. ರಿಫಾರ್ಮ್‌ಗೆ ಶೇ 36, ಲೇಬರ್‌ಗೆ ಬರೀ ಶೇ 11. ವಿಟ್ಲ್ ಅದೇ ಊರಿನವರು, ದಶಕಗಳಿಂದ ಅಲ್ಲೇ ನಿಂತು ಸೋಲುತ್ತಾ, ಕೌನ್ಸಿಲರ್ ಆಗಿ ಜನರ ಕೆಲಸ ಮಾಡುತ್ತಾ ಬಂದವರು. ಗ್ರಂಥಾಲಯಗಳನ್ನು ಮುಚ್ಚುವ ಯೋಜನೆ ಆ ಚುನಾವಣೆಯ ದೊಡ್ಡ ಮಾತಾಗಿತ್ತು. ಜನಕ್ಕೆ ಬದಲಾವಣೆ ಬೇಕಿತ್ತು, ಅದನ್ನು ಎಮ್ಮೆಗೆ ಬರೆ ಹಾಕದೆ ಕೊಡುವ ಪರಿಚಯದ ಮುಖವೊಂದು ಸಿಕ್ಕಿತು.

ಇಲ್ಲಿನ ನಮ್ಮವರಿಗೆ ಒಂದು ಮಾತು ಹೇಳಲೇಬೇಕು. ಫರಾಜ್ ಬರಲಿ ಎನ್ನುವ ಕನ್ನಡಿಗರನ್ನು ನಾನು ಬಲ್ಲೆ. "ನಾವು ವೀಸಾ ಪಡೆದು, ತೆರಿಗೆ ಕಟ್ಟಿ, ಕಾನೂನಿನ ಪ್ರಕಾರ ಬಂದವರು. ಅವರು ಮಾತಾಡ್ತಿರೋದು ದೋಣಿಯಲ್ಲಿ ಬರೋರ ಬಗ್ಗೆ" ಎನ್ನುತ್ತಾರೆ. 2016ರಲ್ಲೂ ಭಾರತೀಯರಿಗೆ ಇಂಥದ್ದೇ ಆಸೆ ತೋರಿಸಿದ್ದರು: ಯುರೋಪಿನವರು ಹೋದರೆ ನಿಮ್ಮ ಹೋಟೆಲ್‌ಗಳಿಗೆ ಊರಿನಿಂದ ಅಡುಗೆಯವರನ್ನು ಕರೆಸಿಕೊಳ್ಳಬಹುದು ಎಂದು ಆಗಿನ ಕನ್ಸರ್ವೇಟಿವ್ ಮಂತ್ರಿ ಪ್ರೀತಿ ಪಟೇಲ್ ಪ್ರಚಾರ ಮಾಡಿದ್ದರು. ಐಎಲ್‌ಆರ್ ರದ್ದು ಎಂದರೆ ದೋಣಿಯವರಿಗಷ್ಟೇ ಅಲ್ಲ, ಸಾಲ ಮಾಡಿ ಮನೆ ಕೊಂಡು ಮಕ್ಕಳನ್ನು ಶಾಲೆಗೆ ಸೇರಿಸಿರುವ ನಿಮಗೆ. ನಾರಾಯಣಮೂರ್ತಿಯವರ ಅಳಿಯ ರಿಷಿ ಸುನಕ್ ಹುಟ್ಟಿದ್ದು ಸೌತಾಂಪ್ಟನ್‌ನಲ್ಲಿ, ಈ ದೇಶದ ಪ್ರಧಾನಿಯಾಗಿದ್ದವರು. ಅವರು ಇಂಗ್ಲಿಷ್ ಮನುಷ್ಯನೇ ಹೌದೇ ಎಂದು 2025ರಲ್ಲಿ ಬಹಿರಂಗವಾಗಿ ಚರ್ಚೆ ನಡೆಯಿತು. ಗೆರೆ ಎಲ್ಲಿ ಎಳೆಯುತ್ತಾರೆ ಎಂಬುದು ಗೆರೆ ಎಳೆಯುವವನ ಕೈಯಲ್ಲಿರುತ್ತದೆ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಂಗತಿ: ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಇಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯ ಪ್ರಜೆಗೆ, ಕೆಲಸದ ವೀಸಾದಲ್ಲಿರಲಿ, ವಿದ್ಯಾರ್ಥಿ ವೀಸಾದಲ್ಲಿರಲಿ, ಸಂಸತ್ ಚುನಾವಣೆಯಲ್ಲೂ ಮತ ಇದೆ. ನೋಂದಾಯಿಸಿಕೊಳ್ಳಬೇಕು ಅಷ್ಟೇ. ಆನ್‌ಲೈನಿನಲ್ಲಿ ಐದು ನಿಮಿಷದ ಕೆಲಸ. ಅಪಾರ್ಟ್‌ಮೆಂಟಿನ ಹುಡುಗರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ಕೊನೆಗೆ ಎಲ್ಲರೂ ಕೇಳುವುದು, ಫರಾಜ್ ಪ್ರಧಾನಿ ಆಗ್ತಾರಾ ಅಂತ. ಆಗಬಹುದು. ಇಲ್ಲಿ ನಮ್ಮಲ್ಲಿಯ ಹಾಗೇ, ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರು ಗೆದ್ದಂತೆ. 2024ರಲ್ಲಿ ಲೇಬರ್‌ಗೆ ಶೇ 33.7 ಮತಕ್ಕೆ 411 ಸ್ಥಾನ ಬಂತು, ರಿಫಾರ್ಮ್‌ಗೆ ಶೇ 14.3 ಮತಕ್ಕೆ ಐದು. ಮತ ಐದು ಪಕ್ಷಗಳಲ್ಲಿ ಹಂಚಿಹೋದರೆ ಶೇ 30 ಪಡೆದ ಪಕ್ಷಕ್ಕೂ ಪೂರ್ಣ ಬಹುಮತ ಸಿಗಬಹುದು. 2015ರಲ್ಲಿ ಫರಾಜ್‌ನ ಆಗಿನ ಪಕ್ಷ ಯುಕಿಪ್ ಶೇ 12.6 ಮತಕ್ಕೆ ಒಂದೇ ಸ್ಥಾನ ಪಡೆದಿತ್ತು, ಇಷ್ಟು ವರ್ಷ ಅವರನ್ನು ಹೊರಗಿಟ್ಟದ್ದು ಈ ಪದ್ಧತಿಯೇ, ನಾಳೆ ಒಳಗೆ ಕೂರಿಸುವುದೂ ಇದೇ ಆಗಬಹುದು. ಮುಂದಿನ ಸಾರ್ವತ್ರಿಕ ಚುನಾವಣೆ ಹೆಚ್ಚೆಂದರೆ 2029ರ ಆಗಸ್ಟ್ ಒಳಗೆ ನಡೆಯಬೇಕು. ಆ್ಯಶ್‌ಫೀಲ್ಡ್‌ನಲ್ಲಿ ವೈದ್ಯರ ಅಪಾಯಿಂಟ್‌ಮೆಂಟ್ ಎಷ್ಟು ದಿನಕ್ಕೆ ಸಿಗುತ್ತದೆ, ಶಿರ್‌ಬ್ರೂಕ್‌ನಲ್ಲಿ ಸಿಗುವ ಕೆಲಸದಿಂದ ಒಂದು ಮನೆ ನಡೆಯುತ್ತದೆಯೇ ಎಂಬುದರ ಮೇಲೆ ನನ್ನ ಕಣ್ಣಿದೆ, ಸಮೀಕ್ಷೆಗಳ ಮೇಲೆ ಅಷ್ಟಾಗಿ ಇಲ್ಲ.